ಬಲಗಡೆಯ ಕೋಣ

ಹೊಸ ಹಗ್ಗವನ್ನು ಎಲ್ಲಿಡುವುದೆಂದು ಉಮಾನಾಥನಿಗೆ ತಿಳಿಯಲಿಲ್ಲ. ಕಾಲ ಬಳಿ ಇಟ್ಟರೆ ತುಳಿದಂತಾಗುತ್ತದೆ, ಪಿಕಪ್ಪಿನ ಹಿಂದೆ ಹಾಕಿದರೆ ದಾರಿಯಲ್ಲಿ ಎಲ್ಲಾದರೂ ಬಿದ್ದು ಹೋದೀತು. ಕೊನೆಗೆ ತೊಡೆಯ ಮೇಲೆ ಸುರುಳಿ ಸುತ್ತಿ ಇಟ್ಟುಕೊಂಡ. ಬೈಂದೂರಿನವರೆಗೂ ಹೀಗೆ ಹಸುಗೂಸನ್ನು ಹಿಡಿದಂತೆ ಹಿಡಿದು ಕೂರಬೇಕಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಕೋಣ ಕೊಳ್ಳಲು ಹೋಗುವವರು ಹಗ್ಗವನ್ನು ಮನೆಯಿಂದಲೇ ಒಯ್ಯಬೇಕು. ಮಾರುವವರು ಕೋಣ ಕೊಡುತ್ತಾರೆಯೇ ಹೊರತು ಹಗ್ಗ ಕೊಡುವುದಿಲ್ಲ. ಹಳೆ ಹಗ್ಗ ಅವರ ಕೊಟ್ಟಿಗೆಯ ಗೂಟದಲ್ಲೇ ಉಳಿಯಬೇಕು, ಇಲ್ಲದಿದ್ದರೆ ಮನೆಯ ಏಳಿಗೆಯೂ ಕೋಣದ ಹಿಂದೆ ಹೊರಟುಬಿಡುತ್ತದೆಂದು ನಂಬಿಕೆ. ಮಾವ ಇದ್ದಾಗ ಹಗ್ಗ ಹಿಡಿದುಕೊಂಡು ಹಿಂದೆ ನಿಲ್ಲುವುದು ಉಮಾನಾಥನ ಕೆಲಸವಾಗಿತ್ತು. ಈಗ ಮಾವ ಇಲ್ಲ, ಹಗ್ಗ ಮಾತ್ರ ಅವನ ಕೈಯಲ್ಲೇ ಇದೆ. ಹಾಗಾದರೆ ತಾನು ಒಂದು ಮೆಟ್ಟಿಲು ಮೇಲೆ ಬಂದ ಹಾಗೋ, ಇದ್ದಲ್ಲೇ ಇದ್ದ ಹಾಗೋ ಎಂದು ಯೋಚಿಸುತ್ತ ಕೂತವನಿಗೆ ಬ್ರಹ್ಮಾವರ ದಾಟಿದ್ದು, ಕೋಟ ದಾಟಿದ್ದು ಒಂದೂ ತಿಳಿಯಲಿಲ್ಲ. ಹೈವೇ ಅಗಲ ಮಾಡುವವರು ಎರಡೂ ಬದಿಯ ಮರಗಳಿಗೆ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಕಡಿಯುವ ಮರ ಯಾವುದು, ಬಿಡುವ ಮರ ಯಾವುದು ಎಂದು ನೋಡುವವನಿಗೆ ಗೊತ್ತಾಗುವಂತಿರಲಿಲ್ಲ.

“ಭಾವ, ನೀವೇ ಹೋಯಿ ಕಂಡ್ಕಂಡ್ ಬನ್ನಿ,” ಎಂದು ನಿನ್ನೆ ಸಂಜೆ ಭೋಜರಾಜ ಮುಂಬಯಿಯಿಂದ ಫೋನು ಮಾಡಿದ್ದ. “ನೀವ್ ಅಡ್ಡಿಲ್ಲೆ ಅಂದ್ರೆ ಅಡ್ಡಿಲ್ಲೆ. ನಿಮ್ ಮಾತೇ ಕಡೆ.” ಭೋಜರಾಜ ಉಮಾನಾಥನ ಹೆಂಡತಿ ವಾರಿಜಾಕ್ಷಿಯ ಅಣ್ಣ. ಮಾವ ಅಣ್ಣಯ್ಯ ತೀರಿಕೊಂಡ ಮೇಲೆ ಬಡಾಮನೆಗೆ ಅವನೇ ಯಜಮಾನ. ಯಜಮಾನಿಕೆ ನಡೆಸಲು ಅವನು ಊರಲ್ಲಿ ಇರಬೇಕೆಂದೇನೂ ಇರಲಿಲ್ಲ. ಅಂಧೇರಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಅದು ನಡೆಯುತ್ತಿತ್ತು. ಮನೆಯ ಕಂಬಳದ ಹಿಂದಿನ ದಿನ ಬಂದು ಇಳಿಯುತ್ತಿದ್ದ. ಮರುದಿನ ಬಿಳಿ ಮುಂಡಾಸು ಸುತ್ತಿಕೊಂಡು ಗದ್ದೆಯ ಅಂಚಿನಲ್ಲಿ ನಿಂತು, ತೆಂಗಿನಕಾಯಿ ಒಡೆದು, ಮನೆಯ ಕೋಣಗಳ ಹಣೆ ಮುಟ್ಟಿ ಗದ್ದೆಗೆ ಇಳಿಸುತ್ತಿದ್ದ. ಬಡಾಮನೆಯ ಸ್ವಂತ ಜೋಡಿ ಇಳಿಯದೆ ಬೇರೆ ಯಾರ ಕೋಣವೂ ಇಳಿಯುವ ಹಾಗಿಲ್ಲ. ಆ ಜೋಡಿಯ ಬಲಗಡೆಯ ಕೋಣ ಮಳೆಗಾಲದಲ್ಲಿ ಹಾವು ಕಚ್ಚಿ ಸತ್ತಿತ್ತು. ಎಡಗಡೆಯದು ಒಂದೇ ಉಳಿದಿತ್ತು. ಕಂಬಳ ಮುಂದಿನ ವಾರ. ಎಡಗಡೆಗೆ ಓಡಿ ಅಭ್ಯಾಸವಾದ ಕೋಣವನ್ನು ಬಲಗಡೆಗೆ ಕಟ್ಟಿದರೆ ಜನ್ಮದಲ್ಲಿ ಓಡುವುದಿಲ್ಲ. ಬಲಗಡೆಯದೇ ಬೇಕು. ಹುಡುಕಿ ಹುಡುಕಿ ಕೊನೆಗೆ ಬೈಂದೂರಿನ ಒಳಗೆ ಒಂದು ಇದೆಯೆಂದು ಗೊತ್ತಾಗಿತ್ತು. ನಿಮ್ ಮಾತೇ ಕಡೆ. ಈ ಮಾತು ಉಮಾನಾಥನ ಬಾಯಲ್ಲಿ ರಾತ್ರಿಯಿಂದ ಬೆಲ್ಲದ ಚೂರಿನ ಹಾಗೆ ಕರಗುತ್ತಲೇ ಇತ್ತು. ಮದುವೆಯಾಗಿ ಬಂದು ಇಷ್ಟು ವರ್ಷವಾಯಿತು, ಬಡಾಮನೆಯಲ್ಲಿ ಅವನ ಮಾತು ಯಾವುದಕ್ಕೂ ಕಡೆಯ ಮಾತಾದದ್ದಿಲ್ಲ. ಬಾವಿಗೆ ಪಂಪು ಹಾಕುವುದಿರಲಿ, ನಾಯಿಗೆ ಹೆಸರಿಡುವುದಿರಲಿ, “ಅಣ್ಣನ್ನ ಒಂದ್ ಮಾತ್ ಕೇಂಬ” ಎಂದು ಯಾರಾದರೂ ಹೇಳಿಯೇ ಹೇಳುತ್ತಿದ್ದರು. ಹಾಗೆ ಹೇಳುವವನು ಎಷ್ಟೋ ಸಲ ಅವನೇ ಆಗಿರುತ್ತಿದ್ದ.

ಪಿಕಪ್ಪಿನ ಹಿಂದೆ ನಿಂತಿದ್ದ ತಿಮ್ಮ ಕುಂಭಾಶಿಯಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಮುಂದೆ ಬಂದು ತುರುಕಿಕೊಂಡ. ತಿಮ್ಮ ಬಡಾಮನೆಯ ಕೋಣ ಓಡಿಸುವವ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. “ಈ ಸಲ ಪೇಪರಂಗೆ ಫೋಟ ಬರ್ಕ್ ಉಮಾನಾಥಣ್ಣ,” ಎಂದ. “ಒಡೇರಿಗೆ ಕುಶಿ ಆಯ್ಕ್.” ಒಡೇರು ಎಂದರೆ ಭೋಜರಾಜ. ಅದಕ್ಕೂ ಮೊದಲು ಮಾವ ಒಡೇರಾಗಿದ್ದರು. ಉಮಾನಾಥ ಮಾತ್ರ ತಿಮ್ಮನ ಬಾಯಲ್ಲಿ ಬಂದಾಗಿನಿಂದ ಉಮಾನಾಥಣ್ಣ. ಅದರಲ್ಲಿ ಅವಮಾನವೇನೂ ಇಲ್ಲ, ಪ್ರೀತಿಯೇ ಇದೆ, ಆದರೂ ಪ್ರತಿ ಸಲ ಕಿವಿಗೆ ಸಣ್ಣ ಮುಳ್ಳು ತಾಗುತ್ತದೆ. ಫೋಟೋ ಎಂದಾಕ್ಷಣ ಅವನಿಗೆ ಚಾವಡಿಯ ಗೋಡೆಯ ಫೋಟೋ ನೆನಪಾಯಿತು. ಎರಡು ವರ್ಷದ ಹಿಂದೆ ಪೇಪರಿನಲ್ಲಿ ಬಂದದ್ದನ್ನು ಭೋಜರಾಜ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದ. ಮುಂಡಾಸಿನ ಭೋಜರಾಜ, ಜೋಡಿ ಕೋಣ, ನಗುತ್ತಿರುವ ತಿಮ್ಮ. ಎಡಬದಿಯಲ್ಲಿ ಆರತಿ ತಟ್ಟೆ ಹಿಡಿದ ಒಂದು ಕೈ. ಮೊಣಕೈಗೇ ಚೌಕಟ್ಟು ಮುಗಿದಿತ್ತು. ಅದು ಯಾರ ಕೈಯೆಂದು ಮನೆಗೆ ಬಂದವರು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಯಾರೂ ಕೇಳದೇ ಇರುವುದು ಇನ್ನೂ ದೊಡ್ಡ ನಾಚಿಕೆ. ಮರವಂತೆಯಲ್ಲಿ ಒಂದು ಪಕ್ಕ ಕಡಲು ಬಂದಾಗಲೂ ಅವನು ತನ್ನ ಬಲಗೈಯನ್ನೇ ನೋಡುತ್ತಿದ್ದ.

ಮನೆ ಹೈವೇಯಿಂದ ಬಹಳ ಒಳಗಿತ್ತು. ಮುರಕಲ್ಲಿನ ಅಂಗಳ, ಸಣ್ಣ ಹೆಂಚಿನ ಮನೆ, ಮನೆಗಿಂತ ದೊಡ್ಡ ಕೊಟ್ಟಿಗೆ. ಅಂಗಳ ಗುಡಿಸುತ್ತಿದ್ದ ಹೆಂಗಸು ಪೊರಕೆಯನ್ನು ಮೂಲೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಜಲಜ ಎಂದು ಹೆಸರು. ಗಂಡ ಚಂದಯ್ಯ ಕಳೆದ ವರ್ಷ ಇದೇ ದಿನಗಳಲ್ಲಿ ತೀರಿಹೋಗಿದ್ದನೆಂದೂ, ಕೋಣ ಕಟ್ಟಿ ಸಾಕುವ ಮರುಳು ಅವನಿಗಿತ್ತೆಂದೂ, ಜೋಡಿಯಲ್ಲಿ ಒಂದನ್ನು ಆಗಲೇ ಮಾರಿದ್ದಾಳೆಂದೂ ಪಿಕಪ್ಪಿನವನು ದಾರಿಯಲ್ಲೇ ಹೇಳಿದ್ದ. ಅವಳು ಪಿಕಪ್ಪಿನಿಂದ ಇಳಿಯುತ್ತಿದ್ದ ಉಮಾನಾಥನ ಕೈಯ ಹಗ್ಗವನ್ನು ಮೊದಲು ನೋಡಿ, ಆಮೇಲೆ ಅವನ ಮುಖ ನೋಡಿದಳು.

“ಯಜಮಾನ್ರ್ ನೀವೇಯಾ?”

ಉಮಾನಾಥ ಬಾಯಿ ತೆರೆಯುವಷ್ಟರಲ್ಲಿ ತಿಮ್ಮ ಹೇಳಿಬಿಟ್ಟ: “ಅಲ್ಲ ಅಲ್ಲ. ಯಜಮಾನ್ರ್ ಬೊಂಬಾಯಂಗಿದ್ರ್. ಇವ್ರ್ ಅಳಿಯ, ಮನ್ಯಂಗೇ ಇಪ್ಪುದ್.”

“ಹೌದಾ,” ಎಂದಳು ಜಲಜ. “ಕೂಕಣಿ. ಆಸ್ರಿಗ್ ಎಂತ ಕೊಡ್ಲಿ?” ಅವಳ ದನಿಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದೆಯೇನೋ ಎಂದು ಹುಡುಕಿದವನು ಅವನೇ. ಬೆಲ್ಲ ನೀರು ಕುಡಿಯುವಾಗ ಲೋಟದ ತಳದಲ್ಲಿ ತನ್ನ ಮೂಗು ದೊಡ್ಡದಾಗಿ ಕಂಡಿತು.

ಮಾವ ಕೋಣ ನೋಡಲು ಹೋದರೆ ಕೋಣವನ್ನು ಕೊನೆಗೆ ನೋಡುತ್ತಿದ್ದರು. ಮೊದಲು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೊಟ್ಟಿಗೆಯ ನೆಲ ನೋಡುತ್ತ ನಿಲ್ಲುತ್ತಿದ್ದರು. ಅಕ್ಕಚ್ಚು ಕುಡಿಸುವ ಮರಿಗೆಯ ಮುಂದೆ ನೆಲ ಕೆದರಿದ್ದರೆ ಮುಂಗೋಪಿ, ಹಿಂದೆ ಕೆದರಿದ್ದರೆ ಹೆದರುಪುಕ್ಕಲು. ಸೆಗಣಿ ಒಡೆದು ಬಿದ್ದಿದ್ದರೆ ಹೊಟ್ಟೆ ಸರಿಯಿಲ್ಲ. ಇದನ್ನೆಲ್ಲ ಮಾವ ಅವನಿಗೆಂದು ಹೇಳಿಕೊಟ್ಟದ್ದಲ್ಲ. ಭೋಜರಾಜನಿಗೆಂದು ಹೇಳುತ್ತಿದ್ದರು, ಭೋಜರಾಜ ಕೇಳುತ್ತಿರಲಿಲ್ಲ, ಹಿಂದೆ ಹಗ್ಗ ಹಿಡಿದು ನಿಂತವನು ಕೇಳುತ್ತಿದ್ದ. ಈಗ ಎಲೆ ಅಡಿಕೆಯ ಅಭ್ಯಾಸವಿಲ್ಲದ ಉಮಾನಾಥ ಬರಿಬಾಯಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ನೆಲ ಒಣಗಿತ್ತು, ಚೊಕ್ಕವಾಗಿತ್ತು. ಕೋಣ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅದರ ಎಡಕ್ಕೆ ಇನ್ನೊಂದು ಕೋಣ ನಿಲ್ಲುವಷ್ಟು ಜಾಗ ಹಾಗೇ ಖಾಲಿಯಾಗಿತ್ತು. ಇಷ್ಟಗಲದ ಕೊಟ್ಟಿಗೆಯಲ್ಲಿ ಒಂದೇ ಇರುವುದು, ನಡುವಿಗೆ ಬಂದು ನಿಲ್ಲಬಾರದೇ? ನಿಂತಿರಲಿಲ್ಲ. ಬಲಗಡೆಯದೇ ಹೌದು ಎಂದು ಅವನಿಗೆ ಅಲ್ಲೇ ಖಾತ್ರಿಯಾಯಿತು. ಕತ್ತಲೆಗೆ ಕಣ್ಣು ಹೊಂದಿಕೊಳ್ಳುತ್ತಿದ್ದ ಹಾಗೆ ಆ ಖಾಲಿ ಜಾಗದ ಗೂಟದಲ್ಲಿ ಒಂದು ಹಳೆ ಹಗ್ಗ ನೇತಾಡುತ್ತಿರುವುದೂ ಕಂಡಿತು. ಜೋಡಿಯ ಹಗ್ಗವಿರಬೇಕು. ಅವನು ಬೇರೆ ಕಡೆ ನೋಡಿದ.

ಆಮೇಲಿನದ್ದೆಲ್ಲ ಸರಾಗವಾಗಿ ನಡೆಯಿತು. ಬಾಯಿ ಬಿಡಿಸಿ ನೋಡಿದ. ಬಾಯಿಗೂಡಿತ್ತು, ಹಲ್ಲೆಲ್ಲ ಹುಟ್ಟಿ ಮುಗಿದಿದ್ದವು, ಇನ್ನೂ ಸವೆದಿರಲಿಲ್ಲ. ಹೆಗಲಿನ ಮೇಲೆ ನೊಗದ ಗಡ್ಡೆ ಎಷ್ಟಿರಬೇಕೋ ಅಷ್ಟೇ ಇತ್ತು. ಗೊರಸಿನ ಸೀಳಿನಲ್ಲಿ ಬೆರಳಿಟ್ಟರೂ ಕಾಲು ಹಿಂದಕ್ಕೆಳೆಯಲಿಲ್ಲ. ಮುರಕಲ್ಲಿನ ಅಂಗಳದಲ್ಲಿ ತಿಮ್ಮ ಅದನ್ನು ನಡೆಸಿದಾಗ ಉಮಾನಾಥ ಕಣ್ಣು ಮುಚ್ಚಿ ಕೇಳುತ್ತ ನಿಂತ. ಕುಂಟುವ ಕಾಲು ಕಣ್ಣಿಗೆ ತಪ್ಪಿಸಿಕೊಂಡೀತು, ಕಿವಿಗೆ ತಪ್ಪಿಸಿಕೊಳ್ಳುವುದಿಲ್ಲ. ನಾಲ್ಕು ಗೊರಸೂ ಒಂದೇ ತೂಕದಲ್ಲಿ ಬೀಳುತ್ತಿದ್ದವು. ಆ ಸದ್ದು ಕೇಳುತ್ತ ಕೇಳುತ್ತ ಅವನಿಗೆ ಬಹಳ ದಿನಗಳ ಮೇಲೆ ಒಂದು ನಿರಾಳ ಬಂತು. ತನಗೆ ಈ ಕೆಲಸ ಬರುತ್ತದೆ. ಯಾರೂ ಹೇಳದಿದ್ದರೂ ಬರುತ್ತದೆ. ಕೆಳಗಿನ ಗದ್ದೆಯ ಕೆಸರಿಗೆ ಇಳಿಸಿ ತಿಮ್ಮ ಒಂದು ಕೂಗು ಹಾಕಿದ್ದೇ ತಡ, ಕೋಣ ಕತ್ತನ್ನು ಮುಂದಕ್ಕೆ ಚಾಚಿ ಹೊರಟಿತು. ತಿಮ್ಮನ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಕಾಣಲಿಲ್ಲ, ಎದ್ದ ಕೆಸರು ನೀರಿನ ನಡುವೆ ಅವನ ತಲೆ ಮಾತ್ರ ಕಾಣುತ್ತಿತ್ತು. ಆ ತುದಿಯಲ್ಲಿ ನಿಂತ ಕೋಣ ಎಡಕ್ಕೆ ತಿರುಗಿ ನೋಡಿತು, ಜೊತೆಗೆ ಓಡಿದವನು ಎಲ್ಲಿ ಎಂದು ಕೇಳುವವರ ಹಾಗೆ. ಉಸಿರು ಸ್ವಲ್ಪವೇ ಹೆಚ್ಚಾಗಿತ್ತು.

“ಇನ್ನೆಂತ ಕಾಂಬುದ್?” ಎಂದು ತಿಮ್ಮ ಕೆಸರು ಒರೆಸಿಕೊಳ್ಳುತ್ತ ಬಂದ. “ಹಗ್ಗ ಹಾಕಿ ಹೋಪ.”

“ಮೀಯಿಸ್ಕಂಡ್ ಬಾ. ಎಣ್ಣೆ ನಾನ್ ಹಾಕ್ತೆ,” ಎಂದ ಉಮಾನಾಥ. ಅದೂ ಮಾವನ ಉಪಾಯವೇ. ಓಡಿ ಬಂದ ಕೋಣಕ್ಕೆ ಎಣ್ಣೆ ತಿಕ್ಕುವುದು ಮರ್ಯಾದೆ. ಹಾಗೆ ತಿಕ್ಕುತ್ತಿದ್ದರೆ ಮೈಯೆಲ್ಲ ಕೈಯಾಡಿಸಬಹುದು, ಸಂಶಯದಿಂದ ನೋಡುತ್ತಿದ್ದಾರೆ ಎಂದು ಮಾರುವವರಿಗೆ ನೋವಾಗುವುದಿಲ್ಲ. ತಿಮ್ಮ ಮೀಯಿಸಿ ತಂದು ಕಟ್ಟಿ, ತಾನೂ ಮೈ ತೊಳೆಯಲು ಕೆರೆಗೆ ಹೋದ. ಜಲಜ ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಳು. ಉಮಾನಾಥನ ಕೈ ಕತ್ತಿನಿಂದ ಭುಜಕ್ಕೆ, ಭುಜದಿಂದ ಹಿಂದಕ್ಕೆ ಹೋಯಿತು. ಎಡಭುಜದ ಹಿಂದೆ ಕೂದಲು ಬೆರಳಿಗೆ ಅಡ್ಡ ಬಂತು. ಒಂದು ಸುಳಿ. ಅದಕ್ಕೆ ಎದುರಾಗಿ ಇನ್ನೊಂದು. ಎರಡೂ ಒಂದಕ್ಕೊಂದು ಮುಖ ಮಾಡಿ ನಿಂತಿದ್ದವು. ಕೋಣದ ಚರ್ಮ ಅಲ್ಲಿ ಮಾತ್ರ ಒಮ್ಮೆ ನಡುಗಿ ಸುಮ್ಮನಾಯಿತು, ಅವನ ಕೈಯೂ ನಿಂತಿತು.

ಹಿಂದೊಮ್ಮೆ ಕೊಲ್ಲೂರಿನ ಹಾದಿಯಲ್ಲಿ ಯಾವುದೋ ಮನೆಗೆ ಹೋದಾಗ ಮಾವ ಹೀಗೆ ಎಣ್ಣೆ ಹಾಕುತ್ತ ಹಾಕುತ್ತ ಕೈ ತೊಳೆದುಕೊಂಡು, ಹೇಳಿ ಕಳಿಸುತ್ತೇನೆ ಎಂದಷ್ಟೇ ಹೇಳಿ ಹೊರಟುಬಿಟ್ಟಿದ್ದರು. ಬಸ್ಸಿನಲ್ಲಿ ಕೂತ ಮೇಲೆ, “ಕಂಡ್ಯಾ?” ಎಂದರು. ಕಂಡಿರಲಿಲ್ಲ. “ಭುಜದ್ ಹಿಂದೆ ಎರಡ್ ಸುಳಿ ಎದ್ರ್ ಬದ್ರ್ ನಿಂತಿರೆ ಅದ್ ಯಜಮಾನನ್ನ ತಿಂಬು ಸುಳಿ. ಹೋದ್ ಮನಿ ಯಜಮಾನ ವರ್ಷ ಕಳೂದಿಲ್ಲೆ.” ಆಗ ಉಮಾನಾಥನಿಗೆ ಒಳಗೊಳಗೇ ನಗು ಬಂದಿತ್ತು. ಕುಂದಾಪುರದ ಕಾಲೇಜಿನಲ್ಲಿ ಓದಿದವನು, ದಿನಾ ಪೇಪರು ಓದುವವನು. ಈಗ ನಗು ಬರಲಿಲ್ಲ. ಅದರ ಬದಲು, ಕರೆಯದೇ ಬಂದ ನೆಂಟರ ಹಾಗೆ ಒಂದು ಯೋಚನೆ ನೇರ ಒಳಗೆ ಬಂದು ಕೂತಿತು: ಯಜಮಾನ ನಾನಲ್ಲವಲ್ಲ. ತಿಮ್ಮ ಈಗ ತಾನೆ ಹತ್ತು ಜನ ಕೇಳುವ ಹಾಗೆ ಹೇಳಿದ್ದಾನೆ. ಯಜಮಾನ ಮುಂಬಯಿಯಲ್ಲಿದ್ದಾನೆ; ಕಳೆದ ಸಲ ಬಂದಾಗ ಚಾವಡಿಯ ಮೆಟ್ಟಿಲು ಹತ್ತಿ ಎದೆ ಹಿಡಿದುಕೊಂಡು ನಿಂತಿದ್ದ; ಬಿಪಿ ಇದೆ, ಮಾತ್ರೆ ಮರೆಯುತ್ತಾನೆ. ನಾನು ಅಡ್ಡಿಲ್ಲೆ ಅಂದರೆ ಅಡ್ಡಿಲ್ಲ. ಮರುಕ್ಷಣವೇ ಅವನಿಗೆ ತಾನು ಬಿಳಿ ಮುಂಡಾಸು ಸುತ್ತಿಕೊಂಡು ಗದ್ದೆಯ ಅಂಚಿನಲ್ಲಿ ನಿಂತದ್ದು ಕಂಡಿತು. ಅಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಮುಂಡಾಸಿನ ಬಿಗಿತ ಹಣೆಗೆ ತಿಳಿಯಿತು. ಆರತಿ ತಟ್ಟೆ ಬೇರೆ ಯಾರದೋ ಕೈಯಲ್ಲಿತ್ತು. ತಾನು ಇಷ್ಟು ಕೆಟ್ಟವನೇ ಎಂದು ಉಮಾನಾಥ ಬೆಚ್ಚಿದ. ಪ್ರತಿ ವರ್ಷ ತನಗೊಂದು ಅಂಗಿ ಬಟ್ಟೆ ತರುವ, ಮಗಳ ಕಾಲೇಜಿನ ಫೀಸು ತಾನೇ ಕಟ್ಟುತ್ತೇನೆಂದು ಹಟ ಮಾಡಿದ ಭಾವ. ಸುಳಿಯನ್ನು ನಂಬದವನು ಇಷ್ಟು ಬೇಗ ಅದರ ಮೇಲೆ ಭಾವನ ಹೆಸರು ಬರೆದೆನಲ್ಲ ಎಂದು ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕೈ ಮಾತ್ರ ಇನ್ನೂ ಅಲ್ಲೇ ಇತ್ತು.

“ಸಿಕ್ತಾ?” ಎಂದಳು ಜಲಜ.

ಅವನು ತಲೆಯೆತ್ತಿದ. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

“ಎಲ್ಲರಿಗೂ ಅಲ್ಲೇ ಕೈ ನಿಲ್ಲುದ್,” ಎಂದಳು. “ಬಂದವ್ರ್ ಎಲ್ಲ ಎಣ್ಣೆ ಹಾಕ್ತ್ರ್. ಹೇಳಿ ಕಳ್ಸ್ತೆ ಅಂತ್ರ್, ಹೋತ್ರ್. ಸುಳಿ ಇತ್ ಅಂದೇಳಿ ಒಬ್ರೂ ನನ್ ಮುಖ ಕಂಡ್ ಹೇಳ್ಲಿಲ್ಲೆ. ನಂಗ್ ಗೊತ್ತಿಲ್ದೆ ಇತ್ತಾ?”

“ನಿಮ್ ಮನಿಯರ್ ಚಂದಯ್ಯನವ್ರಿಗೆ ಗೊತ್ತಿತ್ತಾ?”

“ತರೂ ಹೊತ್ತಿಗೇ ಗೊತ್ತಿತ್. ನಗ್ಯಾಡ್ಕಂಡ್ ತಂದ್ರ್. ಕೋಣ ಓಡುದ್ ಕಾಲಂಗೆ, ಸುಳ್ಯಂಗಲ್ಲ ಅಂದ್ರ್.” ಅವಳು ಬಟ್ಟಲಿನ ಅಂಚಿಗೆ ಇಳಿದ ಎಣ್ಣೆಯನ್ನು ಬೆರಳಲ್ಲಿ ಒರೆಸಿ ಕೋಣದ ಕೊಂಬಿಗೆ ಹಚ್ಚಿದಳು. “ಸಕ್ರಿ ಕಾಯ್ಲಿ ಇತ್ತ್ ಅವ್ರಿಗೆ. ಡಾಕ್ಟ್ರು ಮೊದ್ಲೇ ಹೇಳಿರ್. ಕೋಣ ಎಂತ ಮಾಡತ್ತ್? ನಂಗೂ ಗೊತ್ತಿತ್. ಆರೆ ಅದನ್ನ್ ತಂದ್ ದಿನ ಅಂಗಳದಂಗೆ ನಾನ್ ಇಲ್ಲೇ ನಿಂತಿದ್ದೆ. ಬ್ಯಾಡ ಅನ್ಲಿಲ್ಲೆ. ಬಾಯಿಗ್ ಬಂದದ್ದ್, ಗಂಡ್ಸರ ವಿಷಯ ಅಂದೇಳಿ ನುಂಗಿದೆ. ಈಗ ದಿನಾ ಹುಲ್ಲ್ ಹಾಕತಿಗೆ ಅದೇ ನೆನಪ್ ಆಪುದ್.” ಇಷ್ಟು ಹೇಳಿ, ನಿಮಗೆ ಹೇಗೆ ಕಾಣುತ್ತದೋ ಹಾಗೆ ಮಾಡಿ, ಶುಕ್ರವಾರ ದಲ್ಲಾಳಿ ಬರುತ್ತೇನೆಂದಿದ್ದಾನೆ, ಅವನು ಸುಳಿ ನೋಡುವವನಲ್ಲ, ತೂಕ ನೋಡುವವನು ಎಂದು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಉಮಾನಾಥ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಮನೆಯ ಹಿಂದಿನ ಗೇರುಗುಡ್ಡೆ ಹತ್ತಿದ. ಭಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು, ಆಗ ಎದೆಯೊಳಗೆ ಬಂದು ಕೂತದ್ದು ತಾನಾಗಿ ಎದ್ದು ಹೋಗುತ್ತದೆ ಎಂದುಕೊಂಡ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಹಿಂದಿಯಲ್ಲಿ ಆರ್ಡರು ಕೂಗುತ್ತಿದ್ದರು.

“ಹ್ಯಾಂಗಿತ್ ಭಾವ?”

“ಓಟ ಒಳ್ಳೇದಿತ್. ಬಲಗಡಿದೇ. ಒಂದ್ ಸುಳಿ ಇತ್ ಭಾವ. ಯಜಮಾನಂಗೆ ಆತಿಲ್ಲೆ ಅಂಬು ಸುಳಿ. ಮಾವ ಹೇಳ್ತಿದ್ರ್.”

ಆ ಕಡೆ ಭೋಜರಾಜ ನಕ್ಕ. ಒಳ್ಳೆಯ ಮನುಷ್ಯನ ನಗು ಅದು, ಆದರೆ ನಡುವೆ ಎಲ್ಲೋ ಉಸಿರು ತಡೆದಿತ್ತು. “ಅಪ್ಪಯ್ಯನ್ ಕಾಲದ್ದ್ ಬಿಡಿ. ಹಾಂಗ್ ಕಂಡ್ರೂ ನಾನಿಪ್ಪುದ್ ಬೊಂಬಾಯಂಗೆ. ಕೋಣಕ್ಕೆ ಹುಲ್ಲ್ ಹಾಕಿ ಮೀಯ್ಸುದ್ ನೀವ್. ಅದಕ್ ಯಜಮಾನ ಅಂದ್ರೆ ನೀವೇ ಅಲ್ದಾ?” ಎಂದು ಹೇಳಿ, ಹೇಳಿದ್ದು ತನಗೇ ಸರಿಕಾಣದೆ, “ತಮಾಷಿಗ್ ಹೇಳ್ದೆ ಮರ್ರೆ. ನಿಮ್ ಮಾತೇ ಕಡೆ. ಕೋಣ ಇಲ್ದೆ ಗದ್ದಿ ಬದಿಯಂಗೆ ಮಾತ್ರ ನಿಲ್ಲುಕಾತಿಲ್ಲೆ,” ಎಂದು ಸೇರಿಸಿದ.

ಫೋನು ಕಟ್ಟಾದ ಮೇಲೆ ಉಮಾನಾಥ ಗೇರುಮರದ ಬುಡದಲ್ಲಿ ಕೂತ. ಕೊನೆಗೂ ಒಬ್ಬರು ಆ ಮಾತು ಹೇಳಿದರು. ಯಜಮಾನ ಅಂದರೆ ನೀವೇ ಅಲ್ಲವೇ. ಇಷ್ಟು ವರ್ಷ ಕಾದದ್ದಕ್ಕೆ, ಸಾಯುವ ಕೆಲಸವೊಂದು ಬಂದಾಗ ಯಜಮಾನಿಕೆ ಅವನ ಕಡೆಗೆ ಜಾರಿ ಬಂದಿತ್ತು. ಅವನಿಗೆ ನಗು ಬಂತು. ಭಾವನ ಮೇಲೆ ಸಿಟ್ಟು ಬರಲಿಲ್ಲ. ಕೊಟ್ಟಿಗೆಯಲ್ಲಿ ಕೈ ನಿಂತಾಗ ತಾನು ಮಾಡಿದ್ದನ್ನೇ ಅವನೂ ಮಾಡಿದ. ತಾನು ಸುಳಿಯನ್ನು ಆ ಕಡೆ ತಳ್ಳಿದೆ, ಅವನು ಈ ಕಡೆ ತಳ್ಳಿದ, ಲೆಕ್ಕ ಸರಿಯಾಯಿತು. ಹಾಗಾದರೆ ಆಗಲಿ. ತಂದೇ ಬಿಡುತ್ತೇನೆ. ಸುಳಿ ಸುಳ್ಳಾದರೆ ಒಳ್ಳೆಯ ಕೋಣ ಸಿಕ್ಕಿತು, ಆ ಹೆಂಗಸಿನ ಕೊಟ್ಟಿಗೆಯಿಂದ ದಲ್ಲಾಳಿಯ ಪಾಲಾಗುವುದೂ ತಪ್ಪಿತು. ನಿಜವಾದರೆ, ಬಡಾಮನೆಗೆ ನಾನೂ ಒಬ್ಬ ಯಜಮಾನನಾಗಿದ್ದೆ ಎಂದು ಹೋದ ಮೇಲಾದರೂ ಜನ ಒಪ್ಪಬೇಕಾಗುತ್ತದೆ. ಈ ಯೋಚನೆ ಎಷ್ಟು ಮಕ್ಕಳಾಟದ್ದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಮನಸ್ಸಿಗೆ ತಂಪಾಗಿತ್ತು. ಮನೆಗೆ ಫೋನು ಮಾಡಿದ. ಹೊಸ ಕೋಣ ಅಂಗಳಕ್ಕೆ ಬರುವಾಗ ಕಾಲಿಗೆ ನೀರು ಹಾಕಿ ದೀಪ ತೋರಿಸಬೇಕು, ಅದಕ್ಕೆ ಹೇಳಿಡುವುದೆಂದು.

“ಹ್ವಾಯ್, ಎಂತಾಯ್ತ್?” ಎಂದಳು ವಾರಿಜಾಕ್ಷಿ. ಅವಳು ದೋಸೆಗೆ ಅರೆಯುತ್ತಿರಬೇಕು, ಗ್ರೈಂಡರಿನ ಸದ್ದು ಕೇಳುತ್ತಿತ್ತು.

“ಒಳ್ಳೆ ಕೋಣ. ತಕಂಡ್ ಬತ್ತೆ. ಸಂಜಿ ಒಳ್ಗೆ ಬತ್ತ್. ದೀಪ ತಯಾರ್ ಮಾಡ್.” ಮುಂದಿನದನ್ನು ಹೇಳಬೇಕೆಂದಿರಲಿಲ್ಲ. ಹೇಳದಿರಲೂ ಆಗಲಿಲ್ಲ. ಎಷ್ಟು ಹಗುರವಾಗಿ ಹೇಳಬಹುದೋ ಅಷ್ಟು ಹಗುರವಾಗಿ, “ಭುಜದ್ ಹಿಂದೆ ಎರಡ್ ಸುಳಿ ಎದ್ರ್ ಬದ್ರ್ ಇತ್. ಅದ್ ದೊಡ್ಡ್ ವಿಷಯ ಅಲ್ಲ,” ಎಂದ.

ಅವಳು ಮಾವ ಅಣ್ಣಯ್ಯನ ಮಗಳು. ಗ್ರೈಂಡರಿನ ಸದ್ದು ನಿಂತಿತು.

ಈಗ ಕೇಳುತ್ತಾಳೆ, ಅಣ್ಣನಿಗೆ ಹೇಳಿದಿರಾ ಎಂದು. ಅಣ್ಣನಿಗೆ ಏನಾದರೂ ಆದರೆ ಎಂದು. ಉಮಾನಾಥ ಉತ್ತರವನ್ನು ತಯಾರು ಮಾಡಿಟ್ಟುಕೊಂಡ.

“ಬ್ಯಾಡ,” ಎಂದಳು ವಾರಿಜಾಕ್ಷಿ. “ಆ ಕೋಣ ಬ್ಯಾಡ. ನೀವ್ ಬನ್ನಿ.”

“ಕಂಬ್ಳಕ್ಕೆ ಎಂತ ಮಾಡುದ್? ಮನಿ ಕೋಣ ಇಳೀದಿದ್ರೆ—”

“ಇಳೀದಿದ್ರೆ ಬ್ಯಾಡ. ಕಂಬ್ಳ ನಿಂತ್ರೆ ನಿಲ್ಲಿ. ನಿಮ್ಗ್ ಎಂತಾರೂ ಆರೆ ನಾನ್ ಎಂತ ಮಾಡುದ್?” ಅವಳ ದನಿಗೆ ಸಿಟ್ಟು ಬಂತು. “ಮಂಡೆ ಸಮ ಇತ್ತಾ ನಿಮ್ಗೆ? ಸುಳಿ ಕಂಡದ್ದೇ ಅಲ್ಲಿಂದ ಹೊರಡುಕಾಗ್ದಾ? ಖಾಲಿ ಹಗ್ಗ ತಕಂಡ್ ಬನ್ನಿ. ನಾನ್ ಉಣ್ದೆ ಕೂಕಂತೆ.”

ಅವನು ಏನೋ ಹೇಳಬೇಕೆಂದಿದ್ದ. ಸುಳಿ ಯಜಮಾನನಿಗೆ, ನನಗಲ್ಲ ಎಂದು ನೆನಪಿಸಬೇಕೆಂದಿದ್ದ. ಅವಳಿಗೆ ಅದು ಗೊತ್ತು. ಹುಟ್ಟಿದಾಗಿನಿಂದ ಕೇಳಿ ಗೊತ್ತು. ಗೊತ್ತಿದ್ದೂ ಅವಳು ಒಂದು ಗಳಿಗೆಯಾದರೂ ಮುಂಬಯಿಯ ಕಡೆ ತಿರುಗಿ ನೋಡಲಿಲ್ಲ. ಯಜಮಾನ ಎಂದ ಕೂಡಲೇ ಅವಳಿಗೆ ಕಂಡದ್ದು ಇವನೊಬ್ಬನೇ. ಮದುವೆಯಾದ ದಿನದಿಂದ ಅದು ಹಾಗೆಯೇ ಇತ್ತೋ, ನಡುವೆ ಯಾವಾಗಲೋ ಹಾಗಾಯಿತೋ, ಇಷ್ಟು ದಿನ ಚಾವಡಿಯ ಫೋಟೋದಲ್ಲಿ ತನ್ನನ್ನು ಹುಡುಕುತ್ತ ನಿಂತವನಿಗೆ ಅಡಿಗೆಮನೆಯಲ್ಲಿ ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. “ಬತ್ತೆ,” ಎಂದಷ್ಟೇ ಹೇಳಿದ. ಗುಡ್ಡೆ ಇಳಿಯುವಾಗ ಕಾಲು ಹಗುರವಾಗಿತ್ತು. ಅವನಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದು ಕಷ್ಟವಾಗುವಷ್ಟು ಸಂತೋಷ. ಕೆಳಗೆ ಕೊಟ್ಟಿಗೆಯ ಮುಂದೆ ಎಣ್ಣೆ ಹಾಕಿದ ಕೋಣ ಬಿಸಿಲಿಗೆ ಹೊಳೆಯುತ್ತ ನಿಂತದ್ದು ಕಂಡಾಗ ಮಾತ್ರ, ಈ ಸಂತೋಷ ಯಾರ ಅಂಗಳದಲ್ಲಿ ಸಿಕ್ಕಿದ್ದೆಂದು ನೆನಪಾಗಿ ನಿಧಾನಕ್ಕೆ ನಡೆದ.

ತಿಮ್ಮ ಹಗ್ಗ ಬಿಡಿಸಿ ತಯಾರಾಗಿ ನಿಂತಿದ್ದ. ಉಮಾನಾಥ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಸುರುಳಿ ಸುತ್ತಿದ. “ಒಡೇರಿಗ್ ಎಂತ ಹೇಳುದ್?” ಎಂದು ತಿಮ್ಮ ಕಣ್ಣು ಬಿಟ್ಟ. “ನಾನ್ ಹೇಳ್ತೆ. ನೀ ಗಾಡಿ ಹತ್,” ಎಂದ ಉಮಾನಾಥ. ತಿಮ್ಮ ಅವನ ಮುಖ ನೋಡಿ, ಇನ್ನೊಂದು ಮಾತಾಡದೆ ಹೋಗಿ ಹತ್ತಿದ.

ಜಲಜ ಬಾಗಿಲಲ್ಲಿ ನಿಂತಿದ್ದಳು. ಹೇಳಿ ಕಳಿಸುತ್ತೇನೆ ಎಂಬ ಮಾತು ಉಮಾನಾಥನ ನಾಲಿಗೆಯ ತುದಿಯಲ್ಲಿತ್ತು, ಮಾವನ ಮಾತು. ಅದನ್ನು ಬಿಟ್ಟು ಅವಳ ಮುಖ ನೋಡಿ ಹೇಳಿದ: “ಕೋಣ ಒಳ್ಳೇದಿತ್. ನಾನ್ ಕಂಡದ್ರಂಗೆ ಇಷ್ಟ್ ಚಂದ ಓಡುದ್ ಇನ್ನೊಂದಿಲ್ಲೆ. ಸುಳಿ ಇತ್. ಅದಕ್ಕೇ ಬಿಟ್ ಹೋಪುದ್. ನಮ್ ಮನಿಯವ್ಳ್ ಬ್ಯಾಡ ಅಂದ್ಲ್.”

ಅವಳು ತಲೆ ಅಲ್ಲಾಡಿಸಿದಳು. ಕೋಣದ ಕಡೆ ತಿರುಗಿ, “ಹಾಂಗಾರೆ ಇಲ್ಲೇ ಇರ್ಲಿ ಅದ್. ದಲ್ಲಾಳಿಗೂ ಕೊಡುದಿಲ್ಲೆ,” ಎಂದಳು. “ಯಜಮಾನ ಇಲ್ದಿದ್ ಮನ್ಯಂಗೆ ಅದ್ ಯಾರ್ನ ತಿಂತತ್ತ್?” ನಗಲೆಂದೇ ಹೇಳಿದಳೋ ಏನೋ, ಅವನಿಗೆ ನಗಲು ಧೈರ್ಯ ಬರಲಿಲ್ಲ. ಅವಳು ಕೋಣವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದಳು. ಕೋಣ ಒಳಗೆ ಹೋಗಿ ಮತ್ತೆ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿತು. ಉಮಾನಾಥ ಗಾಡಿಯ ಕಡೆ ಹೊರಟ. ಬೇಲಿಯ ದಣಪೆ ದಾಟುವಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು.

“ಹ್ವಾಯ್, ಒಂಚೂರ್ ನಿಲ್ಲಿ.”

ಅವನು ತಿರುಗಿದ. ಅವಳು ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು, ಒಂದು ಕೈಯಲ್ಲಿ ಹುಲ್ಲು.

“ನಿಮ್ ಮನಿಯರ್ ಹ್ಯಾಂಗ್ ಹೇಳ್ರ್?”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. ಪರಊರಿನ ಅಂಗಳದಲ್ಲಿ, ಪರಹೆಂಗಸಿನ ಎದುರು ನಿಂತು ಹೆಂಡತಿಯ ಮಾತನ್ನು ಹೇಳುವುದು ಹೇಗೆ? ಆದರೂ ಅವಳು ಕೇಳುತ್ತ ನಿಂತಿದ್ದಳು. ಅವನು ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ಬ್ಯಾಡ ಅಂದ್ಲ್. ಆ ಕೋಣ ಬ್ಯಾಡ, ನೀವ್ ಬನ್ನಿ, ಅಂದ್ಲ್.”

“ಅಷ್ಟೇಯಾ?”

“ಅಷ್ಟೇ.”

ಜಲಜ ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು. ತುಟಿ ಅಲ್ಲಾಡಿದ್ದು ಅವನಿಗೆ ಕಂಡಿತು.

“ಅವತ್ತ್ ಅಷ್ಟ್ ಹೇಳ್ರೆ ಸಾಕಿತ್ತ್,” ಎಂದಳು, ಮತ್ತೆ ಕೋಣಕ್ಕೆ ಹುಲ್ಲು ಹಾಕಲು ಒಳಗೆ ಹೋದಳು.